ಪಸೆ ತಾಗದ ಮಣ್ಣು

ಬೆಂಗಳೂರು
ಜೂನ್ ತಿಂಗಳ ಎರಡನೇ ಭಾನುವಾರ

ಪ್ರೀತಿಯ ಅಕ್ಕನಿಗೆ,

ಶಿರಸಿ ಬಸ್ಸಿನಲ್ಲಿ ನೀವು ಕಳಿಸಿದ ಮಿಡಿ ಉಪ್ಪಿನಕಾಯಿ ಶುಕ್ರವಾರ ಬೆಳಿಗ್ಗೆ ಕೈಸೇರಿತು. ಭರಣಿಯ ಬಾಯಿಗೆ ಬಿಳಿ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಸುತ್ತಿ ಸುತ್ತಿ ಬಿಗಿದ ದಾರ. ಒಂದು ತೊಟ್ಟು ರಸವೂ ಹೊರಗೆ ಬಂದಿರಲಿಲ್ಲ. ಜೊತೆಗಿದ್ದ ಚೀಟಿಯನ್ನು ಅಡುಗೆಮನೆಯ ಗೋಡೆಗೇ ಅಂಟಿಸಿದ್ದೇವೆ: ‘ಹಸಿ ಕೈ ಹಾಕಬೇಡಿ. ನೀರಿನ ಪಸೆ ತಾಗಿದರೆ ಬೂಷ್ಟು ಬರುತ್ತದೆ.’

ಅದೇ ಚೀಟಿಯ ಹಿಂಬದಿಯಲ್ಲಿ ನೀವೊಂದು ಪ್ರಶ್ನೆ ಬರೆದಿದ್ದಿರಿ. ಕ್ಷುದ್ರಗ್ರಹದಿಂದ ಮಣ್ಣು ತಂದ ಬಗ್ಗೆ ನಾನು ಹಿಂದೆ ಬರೆದದ್ದನ್ನು ಓದಿ ಕೇಳಿದ್ದು. ಆಕಾಶದ ಕಲ್ಲು ತಾನಾಗಿಯೇ ಭೂಮಿಗೆ ಬೀಳುತ್ತದಲ್ಲ, ಅದನ್ನು ಹೆಕ್ಕಿಕೊಂಡರೆ ಸಾಲದೇ? ಒಂದು ಹಿಡಿ ಮಣ್ಣಿಗಾಗಿ ಏಳು ವರ್ಷ ಹೋಗಿಬರುವುದು ಯಾಕೆ?

ಎರಡು ದಿನ ಈ ಪ್ರಶ್ನೆ ತಲೆಯಲ್ಲೇ ಸುತ್ತುತ್ತಿತ್ತು. ಆಮೇಲೆ ನೋಡಿದರೆ ಅರ್ಧ ಉತ್ತರವನ್ನು ಚೀಟಿಯ ಮುಂಬದಿಯಲ್ಲಿ ನೀವೇ ಬರೆದು ಕಳಿಸಿದ್ದೀರಿ. ಉಳಿದ ಅರ್ಧವನ್ನು ಬರೆಯಲು ಇವತ್ತು ಕೂತಿದ್ದೇನೆ. ಹೊರಗೆ ಮಳೆ ಹಿಡಿದಿದೆ, ಪತ್ರ ಉದ್ದವಾದೀತು.

ಮೊದಲು ಬಿದ್ದ ಕಲ್ಲೊಂದರ ಕಥೆ ಹೇಳುತ್ತೇನೆ. 1864ರ ಮೇ 14ರ ಸಂಜೆ ಫ್ರಾನ್ಸಿನ ದಕ್ಷಿಣದ ಓರ್ಗೈ ಎಂಬ ಊರಿನ ಸುತ್ತ ಕಪ್ಪು ಕಲ್ಲುಗಳು ಬಿದ್ದವು. ಎಲ್ಲ ಸೇರಿ ಹತ್ತು ಕಿಲೋಗೂ ಹೆಚ್ಚು. ಚಾಕುವಿನಿಂದ ಕೊಯ್ಯುವಷ್ಟು ಮೆದು, ನೀರಿಗೆ ಹಾಕಿದರೆ ಕದಡಿ ಹೋಗುವಂಥವು. ಉಲ್ಕಾಶಿಲೆಗಳಲ್ಲಿ ಈ ಜಾತಿ ಬಲು ಅಪರೂಪ. ಹೈಡ್ರೋಜನ್, ಹೀಲಿಯಂನಂಥ ಅನಿಲಗಳನ್ನು ಬಿಟ್ಟರೆ ಸೂರ್ಯನಲ್ಲಿ ಯಾವ ಧಾತು ಯಾವ ಪ್ರಮಾಣದಲ್ಲಿದೆಯೋ ಇವುಗಳಲ್ಲೂ ಹೆಚ್ಚುಕಡಿಮೆ ಅದೇ ಪ್ರಮಾಣ. ಸೌರಮಂಡಲ ಕಟ್ಟಿದಾಗ ಉಳಿದುಹೋದ ಹಿಟ್ಟು ಎನ್ನಬಹುದು. ಆ ಕಲ್ಲುಗಳ ಮೈಯಲ್ಲಿ ಬಿಳಿಯ ಗೆರೆಗಳಿವೆ, ಸಲ್ಫೇಟ್ ಎಂಬ ಉಪ್ಪಿನವು. ಮೂಲ ಕ್ಷುದ್ರಗ್ರಹದಲ್ಲಿ ಹಿಂದೊಮ್ಮೆ ನೀರು ಹರಿದು ಆ ಉಪ್ಪನ್ನು ಬಿಟ್ಟುಹೋಯಿತು ಎಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. 2001ರಲ್ಲಿ ಇಬ್ಬರು ಸಂಶೋಧಕರು ಹಳೆಯ ಕಾಗದಪತ್ರಗಳನ್ನು ತೆಗೆದು ಓದಿದರು. ಕಲ್ಲು ಬಿದ್ದ ಹೊಸದರಲ್ಲಿ ಅದನ್ನು ಕಣ್ಣಿಟ್ಟು ವರ್ಣಿಸಿದವರಾರೂ ಬಿಳಿ ಗೆರೆಯ ಮಾತೇ ಎತ್ತಿರಲಿಲ್ಲ. ಗೆರೆಗಳು ಮೂಡಿದ್ದು ಇಲ್ಲಿ, ನಮ್ಮ ಗಾಳಿಯ ತೇವ ಕುಡಿದು. ಮ್ಯೂಸಿಯಂನ ಕಪಾಟಿನೊಳಗೆ ಬೂಷ್ಟು ಬಂದ ಹಾಗೆ.

ನನಗೆ ಈ ಸಂಗತಿ ತಿಳಿದಾಗ ಆದ ಸಂಕಟವನ್ನು ಹೇಗೆ ಹೇಳಲಿ ಅಕ್ಕ! 450 ಕೋಟಿ ವರ್ಷ ಕೆಡದೆ ಉಳಿದ ವಸ್ತು ನಮ್ಮ ಮನೆಗೆ ಬಂದ ಮೇಲೆ ನೂರೈವತ್ತೇ ವರ್ಷದಲ್ಲಿ ತನ್ನ ನೆನಪಿನ ಒಂದು ಭಾಗ ಕಳೆದುಕೊಂಡಿತು. ಹೊಸ ನೆನಪೊಂದನ್ನು ನಾವೇ ಅದರ ಮೈಮೇಲೆ ಬರೆದು, ಅದನ್ನೇ ಪುರಾತನವೆಂದು ಓದುತ್ತಿದ್ದೆವು.

ಬೀಳುವ ಕಲ್ಲಿನ ತೊಂದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಹೆಚ್ಚಾಗಿ ಗಟ್ಟಿಯಿದ್ದದ್ದೇ ನೆಲ ಮುಟ್ಟುತ್ತದೆ, ಪುಡಿಪುಡಿಯಾದದ್ದು ಬಹುತೇಕ ಗಾಳಿಯಲ್ಲೇ ಉರಿದು ಮುಗಿಯುತ್ತದೆ. ಮತ್ತೊಂದು, ಬಿದ್ದ ಕಲ್ಲಿಗೆ ವಿಳಾಸವಿಲ್ಲ. ಎಲ್ಲಿಂದ ಬಂತು, ಯಾವ ತಾಯಿಬಂಡೆಯ ಚೂರು ಅನ್ನುವುದು ಬಹುತೇಕ ಗೊತ್ತಾಗುವುದೇ ಇಲ್ಲ. ಈ ವಿಳಾಸದ ಜಗಳ ಹಳೆಯದು. ಭೂಮಿಗೆ ಬೀಳುವ ಕಲ್ಲುಗಳಲ್ಲಿ ಅತಿ ಹೆಚ್ಚಿನವು ಸಾಧಾರಣ ಕಾಂಡ್ರೈಟ್ ಎಂಬ ಜಾತಿಯವು. ನಮ್ಮ ಹತ್ತಿರದ ಕ್ಷುದ್ರಗ್ರಹಗಳಲ್ಲಿ ಅತಿ ಹೆಚ್ಚಿನವು ‘ಎಸ್’ ಎಂಬ ಬಗೆಯವು. ಎರಡೂ ಒಂದೇ ಕುಲ ಆಗಿರಬೇಕಲ್ಲವೇ? ಆದರೆ ದೂರದರ್ಶಕದಲ್ಲಿ ಬಣ್ಣ ಹೋಲಿಸಿದರೆ ತಾಳೆಯಾಗುತ್ತಿರಲಿಲ್ಲ. ಕ್ಷುದ್ರಗ್ರಹ ಹೆಚ್ಚು ಕೆಂಪು, ಹೆಚ್ಚು ಮಂಕು. ಸೂರ್ಯನ ಕಣಗಳ ಗಾಳಿಗೆ, ಸಣ್ಣ ದೂಳಿನ ಏಟಿಗೆ ಮೇಲ್ಮೈ ಬಣ್ಣ ಬದಲಿಸಿದೆ ಎಂದು ಕೆಲವರು. ಇಲ್ಲ, ಅವು ಬೇರೆಯೇ ಎಂದು ಕೆಲವರು. ತೀರ್ಪು ಹೇಳಬೇಕಾದರೆ ಯಾರಾದರೂ ಅಲ್ಲಿಗೇ ಹೋಗಿ ಕೈಯಾರೆ ಮಣ್ಣು ಎತ್ತಿ ತರಬೇಕಿತ್ತು.

ಹೋದದ್ದು ಜಪಾನಿನ ಹಯಬುಸ. ಹೆಸರಿನ ಅರ್ಥ ಡೇಗೆ, ಎರಗಿ ಬೇಟೆಯಾಡುವ ಹಕ್ಕಿ. 2003ರ ಮೇ 9ರಂದು ಕಗೊಶಿಮಾ ಪ್ರಾಂತದ ಉಚಿನೌರಾದಿಂದ ಹೊರಟಿತು. ಗುರಿ ಇಟೊಕಾವಾ ಎಂಬ ಕ್ಷುದ್ರಗ್ರಹ. ಜಪಾನಿನ ರಾಕೆಟ್ ವಿದ್ಯೆಗೆ ಅಡಿಪಾಯ ಹಾಕಿದ ಹಿಡೆಯೊ ಇಟೊಕಾವಾ ಅವರ ಹೆಸರನ್ನು ಅದಕ್ಕಿಟ್ಟಿದ್ದರು. ಉದ್ದ ಅರ್ಧ ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ನಿಮ್ಮ ಮನೆಯಂಗಳದಿಂದ ಊರ ಕೆರೆಯ ತನಕ ನಡೆದಷ್ಟು.

ನೌಕೆಯ ಅಯಾನ್ ಎಂಜಿನ್ನುಗಳು ಜೆನಾನ್ ಅನಿಲದ ಕಣಗಳಿಗೆ ವಿದ್ಯುತ್ ಆವೇಶ ಕೊಟ್ಟು ಹಿಂದಕ್ಕೆ ಎಸೆದು ಮುಂದಕ್ಕೆ ಚಲಿಸುವಂಥವು. ಮೂರು ಎಂಜಿನ್ ಒಟ್ಟಿಗೆ ಓಡಿದರೂ ಸಿಗುವ ತಳ್ಳು ನಿಮ್ಮ ಅಂಗೈ ಮೇಲೆ ಅರ್ಧ ಹಾಳೆ ಕಾಗದ ಇಟ್ಟರೆ ಆಗುವ ಭಾರದಷ್ಟು. ಆದರೆ ಅದು ತಿಂಗಳುಗಟ್ಟಲೆ ತಳ್ಳುತ್ತಲೇ ಇರುತ್ತದೆ. ದೊಡ್ಡ ಹೊಡೆತಕ್ಕಿಂತ ಬಿಡದ ಸಣ್ಣ ತಳ್ಳು ದೂರ ಒಯ್ಯುತ್ತದೆ ಎಂಬುದನ್ನು ಈ ನೌಕೆ ತೋರಿಸಿದ ಹಾಗೆ ಇನ್ನಾವುದೂ ನನಗೆ ತೋರಿಸಿಲ್ಲ.

2005ರ ಸೆಪ್ಟೆಂಬರಿನಲ್ಲಿ ಅದು ಇಟೊಕಾವಾ ಹತ್ತಿರ ನಿಂತಿತು. ಅಷ್ಟರಲ್ಲೇ ಕಷ್ಟಗಳು ಶುರುವಾಗಿದ್ದವು. ನೌಕೆಯನ್ನು ಬೇಕಾದ ಕಡೆ ತಿರುಗಿಸುವ ಚಕ್ರಗಳು ಮೂರಿದ್ದವು. ಜುಲೈನಲ್ಲಿ ಒಂದು ನಿಂತಿತ್ತು, ಅಕ್ಟೋಬರಿನಲ್ಲಿ ಎರಡನೆಯದೂ ನಿಂತಿತು. ನವೆಂಬರಿನಲ್ಲಿ ಮಿನರ್ವ ಎಂಬ ಪುಟ್ಟ ಯಂತ್ರವನ್ನು ಇಳಿಸಲು ಬಿಟ್ಟರೆ, ಆ ಹೊತ್ತಿಗೆ ನೌಕೆ ಮೇಲೇರುತ್ತಿದ್ದುದರಿಂದ ಅದು ಕ್ಷುದ್ರಗ್ರಹ ಮುಟ್ಟದೆ ಬಾಹ್ಯಾಕಾಶಕ್ಕೆ ತೇಲಿಹೋಯಿತು. ಇಟೊಕಾವಾದ ಗುರುತ್ವ ನಮ್ಮದರ ಲಕ್ಷದಲ್ಲೊಂದು ಪಾಲು, ಹಿಡಿದಿಟ್ಟುಕೊಳ್ಳುವ ಶಕ್ತಿ ಅದಕ್ಕೆಲ್ಲಿಂದ ಬರಬೇಕು? ಭೂಮಿಯಿಂದ ಅಲ್ಲಿಗೆ ಸುಮಾರು 30 ಕೋಟಿ ಕಿಲೋಮೀಟರ್. ಒಂದು ಮಾತು ಹೇಳಿದರೆ ಅದು ತಲುಪಲು ಹದಿನಾರು ನಿಮಿಷ, ಮರುಮಾತು ಬರಲು ಮತ್ತೆ ಹದಿನಾರು ನಿಮಿಷ. ‘ಹುಷಾರು’ ಎಂದು ಕೂಗಿ ಹೇಳುವಷ್ಟರಲ್ಲಿ ಆಗಬೇಕಾದ್ದು ಆಗಿಯೇ ಹೋಗಿರುತ್ತದೆ.

ಹೀಗಿರುವಾಗ ಮಣ್ಣು ತೆಗೆಯುವುದು ಹೇಗೆ? ಗುದ್ದಲಿ ಹಾಕಿದರೆ ಮಣ್ಣು ಏಳುವ ಬದಲು ನೌಕೆಯೇ ಎದ್ದು ಹೋಗುತ್ತದೆ. ಅದಕ್ಕೆ ಅವರು ಹೂಡಿದ ಉಪಾಯ ಒಂದು ಕೊಂಬು. ಸುಮಾರು ಒಂದು ಮೀಟರ್ ಉದ್ದದ ಕೊಳವೆ ನೆಲ ಮುಟ್ಟಿದ ಕ್ಷಣವೇ ಒಳಗಿನಿಂದ 5 ಗ್ರಾಂ ತೂಕದ ಟ್ಯಾಂಟಲಂ ಗುಂಡು ಸಿಡಿಯಬೇಕು. ಎದ್ದ ದೂಳು ಕೊಂಬಿನಲ್ಲಿ ಮೇಲೇರಿ ಡಬ್ಬಿ ಸೇರಬೇಕು. ನವೆಂಬರ್ 20ರಂದು ಮೊದಲ ಪ್ರಯತ್ನ. ಗುಂಡು ಹಾರಲಿಲ್ಲ. ಬದಲಿಗೆ ನೌಕೆ ಪುಟಿದು, ಕೂತು, ಅರ್ಧ ಗಂಟೆ ಅಲ್ಲೇ ಇತ್ತು. ಆರು ದಿನ ಬಿಟ್ಟು ಮತ್ತೊಮ್ಮೆ ಇಳಿಯಿತು. ಈ ಸಲ ಗುಂಡು ಹಾರಿತೆಂದು ನಿಯಂತ್ರಣ ಕೊಠಡಿಯಲ್ಲಿ ಸಂಭ್ರಮ. ಆಮೇಲೆ ದಾಖಲೆ ತೆಗೆದು ನೋಡಿದರೆ ಅದೂ ಹಾರಿರಲಿಲ್ಲ.

ಅಲ್ಲಿಂದ ಮುಂದೆ ಒಂದೊಂದೂ ಏಟು. ಇಂಧನ ಸೋರಿತು. ಡಿಸೆಂಬರ್ 8ರಂದು ನೌಕೆ ದಿಕ್ಕುತಪ್ಪಿ ತಿರುಗತೊಡಗಿ ಮಾತು ನಿಂತಿತು. ಸುಮಾರು ಏಳು ವಾರ ಸದ್ದೇ ಇಲ್ಲ. ಪ್ರಾಜೆಕ್ಟಿನ ಮುಖ್ಯಸ್ಥ ಜುನಿಚಿರೊ ಕವಾಗುಚಿ ಮತ್ತು ಅವರ ಜೊತೆಯವರು ದಿನವೂ ಕರೆಯುತ್ತಲೇ ಇದ್ದರು. 2006ರ ಜನವರಿ 23ರಂದು ಕ್ಷೀಣವಾದೊಂದು ದನಿ ಕೇಳಿತು. ಬದುಕಿತ್ತು! ಆದರೆ ಬ್ಯಾಟರಿಯ ಹನ್ನೊಂದು ಕೋಶಗಳಲ್ಲಿ ನಾಲ್ಕು ಸತ್ತಿದ್ದವು, ಇಂಧನ ಬರಿದಾಗಿತ್ತು. ಅಯಾನ್ ಎಂಜಿನ್ನಿಗೆಂದು ಇಟ್ಟಿದ್ದ ಜೆನಾನ್ ಅನಿಲವನ್ನೇ ಊದಿ ನೌಕೆಯ ಮುಖ ತಿರುಗಿಸಿದರು. ಉಳಿದ ಬ್ಯಾಟರಿಯನ್ನು ಚೂರುಚೂರೇ ತುಂಬಿಸಿಕೊಂಡು 2007ರ ಜನವರಿಯಲ್ಲಿ ಮಾದರಿಯ ಡಬ್ಬಿಯನ್ನು ಕ್ಯಾಪ್ಸೂಲಿನೊಳಗೆ ತಳ್ಳಿ ಮುಚ್ಚಳ ಬಿಗಿದರು. ಒಳಗೆ ಏನಾದರೂ ಇದೆಯೇ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಮುಚ್ಚಳವನ್ನು ಅಷ್ಟು ಶ್ರದ್ಧೆಯಿಂದ ಹಾಕಿದರಲ್ಲ, ಈ ಇಡೀ ಕಥೆಯಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಅಲ್ಲೇ.

2007ಕ್ಕೆ ಮನೆ ಸೇರಬೇಕಿದ್ದ ನೌಕೆಗೆ ಆ ಅವಕಾಶ ತಪ್ಪಿ, ಮೂರು ವರ್ಷದ ಸುತ್ತುದಾರಿ ಬಂತು. 2009ರ ನವೆಂಬರಿನಲ್ಲಿ, ಇನ್ನೇನು ಬಂದೇಬಿಟ್ಟಿತು ಅನ್ನುವಾಗ, ಎಂಜಿನ್ ನಿಂತಿತು. ಅಯಾನ್ ಎಂಜಿನ್ನಿಗೆ ಎರಡು ಅಂಗ: ಕಣ ಎಸೆಯುವ ಮೂಲ ಒಂದು, ಹಾಗೆ ಎಸೆದಾಗ ನೌಕೆಯಲ್ಲಿ ಉಳಿಯುವ ಆವೇಶವನ್ನು ಸರಿದೂಗಿಸುವ ನ್ಯೂಟ್ರಲೈಸರ್ ಇನ್ನೊಂದು. ‘ಎ’ ಎಂಜಿನ್ನಿನ ನ್ಯೂಟ್ರಲೈಸರ್ ಚೆನ್ನಾಗಿತ್ತು, ‘ಬಿ’ ಎಂಜಿನ್ನಿನ ಮೂಲ ಚೆನ್ನಾಗಿತ್ತು. ಎರಡನ್ನೂ ಜೋಡಿಸಿ ಒಂದು ಎಂಜಿನ್ ಮಾಡಿದರು! ಇದು ಸಾಧ್ಯವಾದದ್ದು, ಹಿತೊಶಿ ಕುನಿನಕಾ ಅವರ ಎಂಜಿನ್ ತಂಡ ಮುಂದೆಂದಾದರೂ ಬೇಕಾದೀತೆಂದು ಹಾರುವ ಮೊದಲೇ ಸೇರಿಸಿಟ್ಟಿದ್ದ ಒಂದು ಸಣ್ಣ ಡಯೋಡಿನಿಂದ. ನ್ಯೂಟ್ರಲೈಸರ್ ಎಂಬುದಕ್ಕೆ ಜಪಾನಿಯಲ್ಲಿ ಬರೆಯುವ ಅಕ್ಷರಗಳೇ ಹೆಸರಿನಲ್ಲಿರುವ ದೇವಸ್ಥಾನವೊಂದು ಒಕಯಾಮಾ ಪ್ರಾಂತದಲ್ಲಿದೆ. ಆ ದಿನಗಳಲ್ಲಿ ಕವಾಗುಚಿ ಅಲ್ಲಿಗೆ ಹೋಗಿ ಕೈಮುಗಿದು ಬಂದರು. ಮಾಡಬೇಕಾದ್ದನ್ನೆಲ್ಲ ಮಾಡಿ ಮುಗಿಸಿದವರು ಕೊನೆಗೆ ಹೀಗೆ ಕೈಮುಗಿಯುವುದು ನಿಮಗೂ ನನಗೂ ಅರ್ಥವಾಗುತ್ತದೆ.

ಇನ್ನು ನೌಕೆ ಮರಳಿದ ಆ ರಾತ್ರಿ. 2010ರ ಜೂನ್ 13, ಇವತ್ತಿನ ಹಾಗೆಯೇ ಭಾನುವಾರ. ನಮ್ಮ ಗಡಿಯಾರದಲ್ಲಿ ಸಂಜೆ ಏಳೂ ಇಪ್ಪತ್ತರ ಹೊತ್ತು, ದಕ್ಷಿಣ ಆಸ್ಟ್ರೇಲಿಯಾದ ವೂಮೆರಾ ಮರುಭೂಮಿಯಲ್ಲಿ ನಡುರಾತ್ರಿ ಸಮೀಪಿಸಿತ್ತು. ಮೂರು ಗಂಟೆ ಮೊದಲೇ ನೌಕೆ ತನ್ನ ಕ್ಯಾಪ್ಸೂಲನ್ನು ಬಿಡುಗಡೆ ಮಾಡಿತ್ತು. 40 ಸೆಂಟಿಮೀಟರ್ ಅಗಲದ ಅದು ನೋಡಲು ನಮ್ಮ ಹಳೆಯ ಕಂಚಿನ ಭೋಗುಣಿಯಂತೆ. ನೌಕೆಗೆ ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳಲು ಇಂಧನವಿರಲಿಲ್ಲ. ಕ್ಯಾಪ್ಸೂಲಿನ ಹಿಂದೆಯೇ ಬಂದು ಬೀಳಬೇಕಿತ್ತು. ವಿಮಾನದಿಂದ ತೆಗೆದ ಚಿತ್ರದಲ್ಲಿ ಅದೆಲ್ಲ ಸೆರೆಯಾಗಿದೆ. ನೌಕೆ ಸಿಡಿದು ಹತ್ತಾರು ಬೆಳಕಿನ ಚೂರುಗಳಾಗಿ ಚದುರುತ್ತದೆ, ಆಕಾಶ ಬೆಳಗಾಗುತ್ತದೆ. ಆ ಚದುರುವಿಕೆಯ ಮುಂದೆ ಒಂದೇ ಒಂದು ಚುಕ್ಕಿ ಕದಲದೆ ನೇರ ಹೋಗುತ್ತಿರುತ್ತದೆ. ಅದೇ ಕ್ಯಾಪ್ಸೂಲ್. ಎಷ್ಟು ಸಲ ನೋಡಿದರೂ ನನ್ನ ಕಣ್ಣು ತೇವವಾಗದೆ ಇದ್ದಿಲ್ಲ. ಜಪಾನಿನಲ್ಲಿ ಈ ನೌಕೆಯ ಕಥೆಯನ್ನೇ ಇಟ್ಟುಕೊಂಡು ಮೂರು ಸಿನಿಮಾ ಬಂದವು ಎಂದರೆ ನನಗೇನೂ ಅಚ್ಚರಿಯಿಲ್ಲ.

ಕ್ಯಾಪ್ಸೂಲ್ ಉಳಿದದ್ದು ಹೇಗೆ ಎಂದು ನೀವು ಕೇಳಿಯೇ ಕೇಳುತ್ತೀರಿ. ಅದರ ವೇಗ ಸೆಕೆಂಡಿಗೆ 12 ಕಿಲೋಮೀಟರ್. ಭೂಮಿಯನ್ನು ಹತ್ತಿರದಲ್ಲಿ ಸುತ್ತಿ ಇಳಿಯುವ ನೌಕೆಗಳ ವೇಗ ಸುಮಾರು 8. ವೇಗ ಒಂದೂವರೆ ಪಟ್ಟಾದರೆ ಕಳೆದುಕೊಳ್ಳಬೇಕಾದ ಶಕ್ತಿ ಎರಡು ಪಟ್ಟಿಗೂ ಮೀರುತ್ತದೆ. ಮುಂದಿರುವ ಗಾಳಿ ಸರಿಯಲು ಸಮಯ ಸಿಗದೆ ಒತ್ತಿಕೊಂಡು ಸೂರ್ಯನ ಮೈಗಿಂತ ಹೆಚ್ಚು ಕಾಯುತ್ತದೆ. ತಡೆಯಲು ಇರುವುದು ಇಂಗಾಲದ ನಾರಿಗೆ ರಾಳ ತುಂಬಿ ಮಾಡಿದ ಕವಚ. ಅದು ಉರಿಗೆ ಹಟ ಹಿಡಿದು ನಿಲ್ಲುವುದಿಲ್ಲ, ತಾನೇ ಕರಕಲಾಗಿ ಸವೆಯುತ್ತದೆ. ಸವೆಯುವಾಗ ಏಳುವ ಅನಿಲ ಬಿಸಿಯನ್ನು ಹೊತ್ತು ಹೊರಗೆ ಒಯ್ಯುತ್ತದೆ. ಬಾಳೆ ಎಲೆಯಲ್ಲಿ ಸುತ್ತಿ ಕೆಂಡದಲ್ಲಿಟ್ಟದ್ದು, ಎಲೆ ಕಪ್ಪಾದರೂ ಒಳಗೆ ಸೀಯದೆ ಬರುತ್ತದಲ್ಲ, ಆ ಥರ. ಇಳಿಯುವ ಕೋನವೂ ನಾಜೂಕಿನದು. ತೀರಾ ಕಡಿದಾದರೆ ಸುಟ್ಟುಹೋಗುತ್ತದೆ, ತೀರಾ ಓರೆಯಾದರೆ ಗಾಳಿಯ ಮೇಲೆ ಜಾರಿ ಹೊರಟೇ ಹೋಗುತ್ತದೆ. ಕಡೆಗೆ ಪ್ಯಾರಾಚೂಟು, ಆಮೇಲೆ ‘ಇಲ್ಲಿದ್ದೇನೆ’ ಎನ್ನುವ ರೇಡಿಯೋ ದನಿ. ಹೆಲಿಕಾಪ್ಟರಿನವರು ಆ ದನಿ ಹಿಡಿದು ಹೋಗಿ ಕತ್ತಲಲ್ಲೇ ಅದನ್ನು ಗುರುತಿಸಿದರು.

ಇಂಥ ವಿದ್ಯೆಯ ಮೊದಲ ಪಾಠವನ್ನು ನಮ್ಮವರೂ ಕಲಿತಿದ್ದಾರೆ. 2007ರ ಜನವರಿಯಲ್ಲಿ ಇಸ್ರೋ 550 ಕಿಲೋ ತೂಕದ ಕ್ಯಾಪ್ಸೂಲೊಂದನ್ನು ಹನ್ನೆರಡು ದಿನ ಕಕ್ಷೆಯಲ್ಲಿಟ್ಟು, ಇದೇ ಬೆಂಗಳೂರಿನ ನಿಯಂತ್ರಣ ಕೇಂದ್ರದಿಂದ ಆಜ್ಞೆ ಕಳಿಸಿ, ಬಂಗಾಳ ಕೊಲ್ಲಿಯಲ್ಲಿ ಇಳಿಸಿ ಎತ್ತಿಕೊಂಡಿತು. ಚಂದ್ರನ ಮಣ್ಣು ತರುವ ಚಂದ್ರಯಾನ-4ಕ್ಕೆ 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದೆ. ಅದು ಮರಳಿ ಬರುವ ದಿನ ನಿಮ್ಮ ಮನೆಗೆ ಬಂದು ಜೊತೆಯಲ್ಲೇ ನೋಡುವ ಆಸೆ ನನ್ನದು.

ಹಯಬುಸದ ಡಬ್ಬಿಯನ್ನು ಜಪಾನಿನ ಸಗಮಿಹಾರಾದ ಪ್ರಯೋಗಶಾಲೆಯಲ್ಲಿ ತೆರೆದಾಗ ಬರಿಗಣ್ಣಿಗೆ ಒಳಗೆ ಏನೂ ಕಾಣಲಿಲ್ಲ. ಟೆಫ್ಲಾನ್ ಸೌಟಿನಂಥ ಪುಟ್ಟ ಸಲಕರಣೆಯಿಂದ ಗೋಡೆಯನ್ನು ಮೆಲ್ಲಗೆ ಕೆರೆದು ಸೂಕ್ಷ್ಮದರ್ಶಕದ ಕೆಳಗಿಟ್ಟರು. 2010ರ ನವೆಂಬರ್ 16ರಂದು ಪ್ರಕಟಿಸಿದರು: ಸುಮಾರು ಒಂದೂವರೆ ಸಾವಿರ ಕಣಗಳು, ಇಟೊಕಾವಾದವೇ. ಬಹುಪಾಲು ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಚಿಕ್ಕವು. ಎಲ್ಲ ಸೇರಿಸಿದರೂ ಒಂದು ಮಿಲಿಗ್ರಾಂ ಇಲ್ಲ. ಗುಂಡು ಹಾರದಿದ್ದರೂ, ನೌಕೆ ಪುಟಿದಾಗ ಎದ್ದ ದೂಳು ಆ ಹಗುರ ಗುರುತ್ವದಲ್ಲಿ ತಾನಾಗಿ ಕೊಂಬಿನೊಳಗೆ ತೇಲಿ ಬಂದಿತ್ತು.

ಅಷ್ಟೇ ದೂಳು ವಿಳಾಸದ ಜಗಳವನ್ನು ಮುಗಿಸಿತು, ಅಕ್ಕ. ಖನಿಜವೂ ಆಮ್ಲಜನಕದ ಲೆಕ್ಕವೂ ಸಾಧಾರಣ ಕಾಂಡ್ರೈಟಿಗೆ ಹೊಂದಿದವು. ಕಣಗಳ ಅಂಚಿನಲ್ಲಿ ಕಬ್ಬಿಣದ ಅತಿಸೂಕ್ಷ್ಮ ಚುಕ್ಕಿಗಳು ಸಿಕ್ಕವು, ಮೇಲ್ಮೈ ಕೆಂಪಾಗಲು, ಮಂಕಾಗಲು ಅವೇ ಕಾರಣ. ಇಷ್ಟು ಕಾಲ ನಮ್ಮ ಹೊಲಗಳಲ್ಲಿ, ಛಾವಣಿಗಳ ಮೇಲೆ ಬಿದ್ದ ಸಾವಿರಾರು ಕಲ್ಲುಗಳು ಯಾವ ಊರಿನವು ಎಂಬುದು ಆ ಮಿಲಿಗ್ರಾಂ ಒಳಗಿನ ಮಣ್ಣಿನಿಂದ ತಿಳಿಯಿತು. ಬಿದ್ದ ಕಲ್ಲುಗಳು ಬೇಡವೆಂದು ನಾನು ಹೇಳುತ್ತಿಲ್ಲ. ಅವನ್ನು ಸರಿಯಾಗಿ ಓದಲು ಕೀಲಿ ಬೇಕಿತ್ತು, ಅದು ಅಲ್ಲೇ ಇತ್ತು.

ಎರಡನೆಯ ಹಯಬುಸದ್ದು ಸುಸೂತ್ರ ಪಯಣ, ಚುಟುಕಾಗಿ ಹೇಳುತ್ತೇನೆ. 2014ರ ಡಿಸೆಂಬರಿನಲ್ಲಿ ಹೊರಟು, ಕಪ್ಪು ಇಂಗಾಲದ ಕ್ಷುದ್ರಗ್ರಹ ರ‍್ಯುಗುವಿನ ಮೇಲೆ 2019ರಲ್ಲಿ ಎರಡು ಸಲ ಇಳಿಯಿತು. ನಡುವೆ ಎರಡು ಕಿಲೋ ತಾಮ್ರವನ್ನು ಸೆಕೆಂಡಿಗೆ ಎರಡು ಕಿಲೋಮೀಟರ್ ವೇಗದಲ್ಲಿ ಹೊಡೆದು ಹತ್ತು ಮೀಟರಿಗೂ ಅಗಲದ ಗುಂಡಿ ತೋಡಿತು, ಬಿಸಿಲು ಕಾಣದ ಒಳಮಣ್ಣು ಬೇಕೆಂದು. 2020ರ ಡಿಸೆಂಬರ್ 6ರಂದು ಅದೇ ವೂಮೆರಾದಲ್ಲಿ ಕ್ಯಾಪ್ಸೂಲ್ ಇಳಿಯಿತು. 0.1 ಗ್ರಾಂ ಸಿಕ್ಕರೆ ಸಾಕೆಂದಿದ್ದರು, ಸಿಕ್ಕದ್ದು 5.4 ಗ್ರಾಂ. ರ‍್ಯುಗು ಎಂದರೆ ಜಪಾನಿನ ಜನಪದ ಕಥೆಯೊಂದರಲ್ಲಿ ಕಡಲಾಳದಲ್ಲಿರುವ ಡ್ರ್ಯಾಗನ್ ಅರಮನೆ. ಉರಶಿಮಾ ಎಂಬ ಬೆಸ್ತ ಅಲ್ಲಿಗೆ ಹೋಗಿ, ತೆರೆಯಬಾರದ ಪೆಟ್ಟಿಗೆಯೊಂದನ್ನು ಹೊತ್ತು ಮರಳುತ್ತಾನೆ. ತೆರೆದ ಕ್ಷಣವೇ ಮುದುಕನಾಗುತ್ತಾನೆ.

ಈ ರ‍್ಯುಗುವಿನ ಮಣ್ಣು ಓರ್ಗೈ ಕಲ್ಲಿನ ಹತ್ತಿರದ ಬಂಧು ಎಂದು ತಿಳಿಯಿತು. ಆದರೆ ಇದರಲ್ಲಿ ಆ ಬಿಳಿ ಸಲ್ಫೇಟ್ ಗೆರೆಗಳಿರಲಿಲ್ಲ! ಪಸೆ ತಾಗದ ಭರಣಿಯ ಮಾತು ಸಾಬೀತಾದದ್ದು ಇಲ್ಲಿ. ಜೀವಿಗಳ ಆರ್‌ಎನ್‌ಎಯ ಒಂದು ಅಕ್ಷರವಾದ ಯುರಾಸಿಲ್ ಕೂಡ ಇದರಲ್ಲಿದೆ ಎಂದು 2023ರಲ್ಲಿ ತೋರಿಸಿದರು. ಅಂಥವು ಉಲ್ಕಾಶಿಲೆಯಲ್ಲಿ ಸಿಕ್ಕಾಗಲೆಲ್ಲ ಭೂಮಿಯ ಕಲಬೆರಕೆ ಇರಬಹುದೆಂಬ ಸಂಶಯ ಅಂಟಿಕೊಂಡೇ ಬರುತ್ತಿತ್ತು.

ಇಷ್ಟಾಗಿಯೂ ಉರಶಿಮಾನ ಪೆಟ್ಟಿಗೆಯ ಎಚ್ಚರಿಕೆ ಸುಳ್ಳಾಗಲಿಲ್ಲ. ಬ್ರಿಟನ್ನಿನ ಸಂಶೋಧಕರು ರ‍್ಯುಗುವಿನ ಒಂದು ಕಣವನ್ನು ಪರೀಕ್ಷೆಗೆ ಅಣಿಮಾಡಿ ನೋಡಿದರೆ ಅದರ ಮೇಲೆ ಎಳೆಯೆಳೆಯಾಗಿ ಸೂಕ್ಷ್ಮಜೀವಿಗಳು. ವಾರಗಳು ಕಳೆದಂತೆ ಅವುಗಳ ಸಂಖ್ಯೆ ಏರಿತು, ಆಮೇಲೆ ಇಳಿಯಿತು. ಆಕಾಶದ ಜೀವಿಗಳಲ್ಲ, ನಮ್ಮವೇ, ಇಲ್ಲಿಯವೇ. ಅಷ್ಟು ಕಟ್ಟುನಿಟ್ಟಿನ ನಡುವೆಯೂ ಹಸಿದವರ ಹಾಗೆ ಬಂದು ಹೊಸ ಮಣ್ಣಿನಲ್ಲಿ ಸಂಸಾರ ಹೂಡಿದ್ದವು. ಇದನ್ನು 2024ರಲ್ಲಿ ಅವರು ಮುಚ್ಚಿಡದೆ ಪ್ರಕಟಿಸಿದ್ದು ನನಗೆ ತುಂಬ ಮೆಚ್ಚುಗೆಯಾಯಿತು.

ಇನ್ನು ನನ್ನ ಹಿಂದಿನ ಬರಹದಲ್ಲಿ ನೀವು ಓದಿದ, ಬೆನ್ನು ಎಂಬ ಕ್ಷುದ್ರಗ್ರಹ. ಅಮೆರಿಕದ ಒಸೈರಿಸ್-ರೆಕ್ಸ್ ನೌಕೆ 2016ರಲ್ಲಿ ಹೊರಟು 2020ರ ಅಕ್ಟೋಬರ್ 20ರಂದು ಅದನ್ನು ಮುಟ್ಟಿತು. ನೆಲ ಗಟ್ಟಿ ಇರಬಹುದೆಂದು ಎಣಿಸಿದ್ದರೆ ತೋಳು ಅರ್ಧ ಮೀಟರ್ ಒಳಗಿಳಿಯಿತು, ಭಾರ ತಡೆಯುವ ನೆಲವೇ ಅಲ್ಲ ಅನ್ನುವ ಹಾಗೆ. ಎಷ್ಟು ತುಂಬಿತೆಂದರೆ ಮುಚ್ಚಳಕ್ಕೆ ಕಲ್ಲು ಸಿಕ್ಕಿಕೊಂಡು ಮಣ್ಣು ಸೋರತೊಡಗಿತು. ತೂಕ ನೋಡುವ ಯೋಜನೆ ಬಿಟ್ಟು ತರಾತುರಿಯಲ್ಲಿ ಕ್ಯಾಪ್ಸೂಲಿಗೆ ಸೇರಿಸಿದರು. 2023ರ ಸೆಪ್ಟೆಂಬರ್ 24ರಂದು ಅದು ಯೂಟಾ ಮರುಭೂಮಿಗೆ ಬಂತು. ಹತ್ತೊಂಬತ್ತು ವರ್ಷ ಹಿಂದೆ, ಅದೇ ಯೂಟಾದಲ್ಲಿ, ಸೂರ್ಯನ ಕಣ ಹೊತ್ತು ತಂದ ಜೆನೆಸಿಸ್ ಕ್ಯಾಪ್ಸೂಲ್ ನೆಲಕ್ಕೆ ಅಪ್ಪಳಿಸಿತ್ತು. ಪ್ಯಾರಾಚೂಟ್ ಬಿಚ್ಚಲು ಹೇಳಬೇಕಾದ ಪುಟ್ಟ ಸ್ವಿಚ್ಚುಗಳನ್ನು ತಲೆಕೆಳಗಾಗಿ ಕೂರಿಸಿದ್ದರು. ಈ ಸಲವೂ ಮೊದಲ ಸಣ್ಣ ಪ್ಯಾರಾಚೂಟ್ ತೆರೆಯಬೇಕಾದ ಹೊತ್ತಿಗೆ ತೆರೆದುಕೊಳ್ಳಲಿಲ್ಲ. ಅದನ್ನು ಕಾದು ಹೆಲಿಕಾಪ್ಟರಿನಲ್ಲಿ ಕೂತಿದ್ದ ಮುಖ್ಯ ವಿಜ್ಞಾನಿ ಡಾಂಟೆ ಲಾರೆಟ್ಟಾ ಅವರ ಎದೆ ಹೇಗೆ ಹೊಡೆದುಕೊಂಡಿರಬೇಕು! ಕೊನೆಗೆ ದೊಡ್ಡದು ಅರಳಿತು ಎಂಬ ಮಾತು ಕೇಳಿದಾಗ ಅವರು ಅತ್ತರು. ನಕ್ಷೆಯಲ್ಲಿ ‘ಮೇನ್’ ಎಂಬ ಒಂದು ಪದವನ್ನು ಒಂದು ಕಡೆ ಒಂದು ಅರ್ಥದಲ್ಲಿ, ಇನ್ನೊಂದು ಕಡೆ ಇನ್ನೊಂದು ಅರ್ಥದಲ್ಲಿ ಬಳಸಿದ್ದರಿಂದ ತಂತಿಗಳ ಸರದಿ ಅದಲುಬದಲಾಗಿರಬೇಕು ಎಂದು ಆಮೇಲೆ ಗೊತ್ತಾಯಿತು. ಬರೆಯುವುದೇ ಕಸುಬಾದ ನನಗೆ ಈ ಸಂಗತಿ ಮರೆಯುವಂಥದ್ದಲ್ಲ.

ಹ್ಯೂಸ್ಟನ್ನಿನಲ್ಲಿ ಡಬ್ಬಿ ತೆರೆಯಲು ಕೂತವರಿಗೆ 35 ಬಿಗಿತಿರುಪುಗಳಲ್ಲಿ ಎರಡು ಜಪ್ಪಯ್ಯ ಅನ್ನಲಿಲ್ಲ. ಹೊರಗಿನ ಯಾವುದೋ ಸ್ಪ್ಯಾನರ್ ತಂದು ತಿರುಗಿಸಿದರೆ ಐದು ನಿಮಿಷದ ಕೆಲಸ. ಆದರೆ ಎಲ್ಲವೂ ನಡೆಯುತ್ತಿದ್ದುದು ಸಾರಜನಕ ತುಂಬಿದ ಗಾಜಿನ ಪೆಟ್ಟಿಗೆಯೊಳಗೆ, ಕೈಗವಸಿನ ಮೂಲಕ. ಪರೀಕ್ಷೆಯಾದ ಲೋಹದ ಸಲಕರಣೆಗಳನ್ನು ಬಿಟ್ಟು ಬೇರೆ ಒಳಗೆ ಹೋಗುವಂತಿಲ್ಲ. ಹೊಸ ಸಲಕರಣೆ ರೂಪಿಸಿ, ಅಭ್ಯಾಸ ಮಾಡಿ, ಆ ಎರಡನ್ನು ಬಿಚ್ಚಿದ್ದು 2024ರ ಜನವರಿಯಲ್ಲಿ. ಮೂರು ತಿಂಗಳಿಗೂ ಹೆಚ್ಚು ಕಾದರು. ಒಟ್ಟು 121.6 ಗ್ರಾಂ. 60 ಗ್ರಾಂ ಗುರಿಯಿತ್ತು.

ಆ ಕಾದದ್ದಕ್ಕೆ ಸಿಕ್ಕ ಫಲವನ್ನು ನೀವು ಮೆಚ್ಚುತ್ತೀರಿ. ಬೆನ್ನುವಿನ ಮಣ್ಣಿನಲ್ಲಿ ಉಪ್ಪುಗಳು ಸಿಕ್ಕವು. ಗೋಕರ್ಣದ ಪಕ್ಕದ ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ ನೀರು ಆರುತ್ತ ಆರುತ್ತ ಉಪ್ಪು ಕೂರುವುದನ್ನು ನೀವು ಕಂಡಿದ್ದೀರಿ. ಅದೇ ಕೆಲಸ, ಭೂಮಿ ಇನ್ನೂ ಎಳೆಯದಿದ್ದಾಗ, ಬೆನ್ನುವಿನ ತಾಯಿಬಂಡೆಯ ಒಳಗಿನ ಸಣ್ಣ ಜಾಗಗಳಲ್ಲಿ ನಡೆದಿತ್ತು. ಉಪ್ಪುನೀರು ಆರುತ್ತ ಒಂದಾದ ಮೇಲೊಂದು ಲವಣ ಬಿಟ್ಟಿತ್ತು. ಅದರಲ್ಲೊಂದು ಟ್ರೋನಾ, ನಮ್ಮ ಅಗಸರು ಬಟ್ಟೆಗೆ ಬಳಸುತ್ತಿದ್ದ ಚೌಳು ಮಣ್ಣಿನ ಸೋಡಾ ಇದೆಯಲ್ಲ, ಅದರ ಸೋದರ. ಜೊತೆಗೆ ಅಮೋನಿಯಾ, ಜೀವಿಗಳು ಪ್ರೊಟೀನಿಗೆ ಬಳಸುವ 20 ಅಮೈನೋ ಆಮ್ಲಗಳಲ್ಲಿ 14, ಡಿಎನ್‌ಎ ಆರ್‌ಎನ್‌ಎಗಳ ಐದೂ ಅಕ್ಷರಗಳು. ಜೀವವಲ್ಲ, ಜೀವಕ್ಕೆ ಬೇಕಾದ ಸಾಮಾನು. 2025ರ ಜನವರಿಯಲ್ಲಿ ಇದನ್ನು ಪ್ರಕಟಿಸಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಉಪ್ಪೇ. ಇಂಥ ಉಪ್ಪು ನಮ್ಮ ಒಂದು ತೇವದ ಗಾಳಿಗೆ, ಒಂದು ಮಳೆಗೆ ಕರಗಿ ಗುರುತಿಲ್ಲದಂತಾಗುವಂಥದ್ದು. ಎಷ್ಟು ಕಲ್ಲುಗಳು ಅದನ್ನು ಹೊತ್ತು ಬಂದು ನಮ್ಮ ಮಳೆಯಲ್ಲಿ ಕಳೆದುಕೊಂಡಿರಬಹುದು! ಹೋಗಿ ತರದಿದ್ದರೆ ಅಂಥದ್ದೊಂದಿತ್ತೆಂದೇ ನಾವು ತಿಳಿಯುತ್ತಿರಲಿಲ್ಲ.

ಈಗ ಆ ಮಣ್ಣಿನ ಮುಕ್ಕಾಲು ಪಾಲಿಗೆ ಹತ್ತಿರದಷ್ಟನ್ನು ಮುಟ್ಟದೆ ಇಟ್ಟಿದ್ದಾರೆ. ಇನ್ನೂ ಹುಟ್ಟದವರಿಗೆ, ಇನ್ನೂ ಹುಟ್ಟದ ಉಪಕರಣಗಳಿಗೆ. 1972ರಲ್ಲಿ ಚಂದ್ರನಿಂದ ತಂದು ಮೊಹರು ಮಾಡಿಟ್ಟ ಕೊಳವೆಯೊಂದನ್ನು 2022ರಲ್ಲಿ ತೆರೆದರು. ತಂದವರ ಮೊಮ್ಮಕ್ಕಳ ವಯಸ್ಸಿನವರು ಅದರೆದುರು ಕೂತಿದ್ದರು. ನಿಮ್ಮ ಮೊಮ್ಮಗಳು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದಾಳೆ ಎಂದು ಬರೆದಿದ್ದಿರಿ. ಅವಳಿಗೆ ಈ ಪತ್ರ ಓದಿಸಿ.

ಭರಣಿ ಖಾಲಿಯಾದ ಮೇಲೆ ತೊಳೆದು, ನಾಲ್ಕು ದಿನ ಬಿಸಿಲಿಗಿಟ್ಟು ಕಳಿಸಿಕೊಡುತ್ತೇನೆ. ಬಿಸಿಲು ಬರಬೇಕಷ್ಟೆ.

ಜೊತೆಯಲ್ಲಿ ಒಂದು ಫೋಟೋ ಇಟ್ಟಿದ್ದೇನೆ. 2010ರ ಆ ರಾತ್ರಿ ಕ್ಯಾಪ್ಸೂಲನ್ನು ಕಳಿಸಿಕೊಟ್ಟ ಮೇಲೆ ಹಯಬುಸಕ್ಕೆ ಮಾಡುವ ಕೆಲಸ ಉಳಿದಿರಲಿಲ್ಲ. ಏಳು ವರ್ಷ ಹೊರಗಿದ್ದ ಅದಕ್ಕೆ ಒಮ್ಮೆ ಭೂಮಿಯನ್ನು ತೋರಿಸೋಣವೆಂದು ಅವರು ಅದರ ಮುಖ ತಿರುಗಿಸಿ ಕ್ಯಾಮೆರಾ ತೆರೆದರು. ಕಪ್ಪು ಬಿಳುಪಿನ ಚಿತ್ರ, ಉದ್ದುದ್ದ ಗೆರೆಗಳು, ನಡುವೆ ಬೆಳ್ಳಗೆ ಭೂಮಿ. ಚಿತ್ರ ಕಳಿಸುತ್ತಿದ್ದಂತೆಯೇ ನೌಕೆ ದಿಗಂತದ ಕೆಳಗೆ ಜಾರಿ ಸಂಪರ್ಕ ಕಡಿಯಿತು. ಕೆಳಗಿನ ಭಾಗ ಬರಲೇ ಇಲ್ಲ. ಇಲ್ಲಿಯ ಸ್ಟುಡಿಯೋದ ಹುಡುಗ ಪ್ರಿಂಟು ಕೆಟ್ಟಿದೆಯೆಂದು ಇನ್ನೊಂದು ತೆಗೆದುಕೊಡಲು ಹೊರಟಿದ್ದ. ಬೇಡ, ಅದು ಇರುವುದೇ ಹಾಗೆ ಎಂದು ಹೇಳಿ ತಂದಿದ್ದೇನೆ.

ಭಾವನವರಿಗೆ ನಮಸ್ಕಾರ ತಿಳಿಸಿ.

ನಿಮ್ಮ ತಮ್ಮ